ಪಟ್ಟದಕಲ್ಲಿನಲ್ಲಿ ಹೊಳೆಗೆ ಬೆನ್ನು ಮಾಡಿದ ಪ್ರವಾಸ

ಡಿಸೆಂಬರ್ ಬಂತೆಂದರೆ ಮಲೆನಾಡಿನ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಸಡಗರ. ರಾತ್ರಿ ಘಟ್ಟದಿಂದ ಹೊರಟ ಬಸ್ಸು ಬೆಳಗಿನ ಹೊತ್ತಿಗೆ ಬಾದಾಮಿ ಸೇರುತ್ತದೆ. ಗುಹೆಗಳು, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಸಂಜೆಯೊಳಗೆ ಕೂಡಲಸಂಗಮ. ಪಟ್ಟದಕಲ್ಲಿನ ಪಾಲಿಗೆ ಒದಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ವಿರೂಪಾಕ್ಷ ದೇವಾಲಯವನ್ನು ಕ್ರಿ.ಶ. 740ರ ಸುಮಾರಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದಳು, ಈ ದೇವಾಲಯ ಸಮೂಹ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು ಎಂಬ ಎರಡು ಸಾಲುಗಳನ್ನು ಬರೆದುಕೊಂಡು ಮಕ್ಕಳು ಮರಳುತ್ತಾರೆ. ಆ ಎರಡು ಸಾಲುಗಳು ಪುಸ್ತಕದಲ್ಲಿಯೇ ಇದ್ದವು. ಅವುಗಳಿಗಾಗಿ ಇಡೀ ರಾತ್ರಿ ಬಸ್ಸಿನಲ್ಲಿ ತೂಕಡಿಸಬೇಕಾದ ಅಗತ್ಯವಿರಲಿಲ್ಲ.

ವಿರೂಪಾಕ್ಷನ ಗುಡಿ ಪೂರ್ವಾಭಿಮುಖವಾದುದು. ನಂದಿಮಂಟಪವನ್ನು ದಾಟಿ ಹೆಬ್ಬಾಗಿಲಿನಿಂದ ಹೊರಬಿದ್ದರೆ ಕೆಲವೇ ಹೆಜ್ಜೆಗಳಲ್ಲಿ ಮಲಪ್ರಭೆ. ಇಲ್ಲಿ ಅವಳು ಉತ್ತರವಾಹಿನಿ, ಆದ್ದರಿಂದಲೇ ಈ ಸ್ಥಳಕ್ಕೆ ಪಾವಿತ್ರ್ಯ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಬೆಳಗಿನ ಬಿಸಿಲಿನಲ್ಲಿ ತನ್ನ ನೆರಳು ಬೀಳುವ ದಿಕ್ಕನ್ನು ನೋಡಿ ಆ ಮಾತನ್ನು ತಾನೇ ಪರೀಕ್ಷಿಸಿಕೊಳ್ಳುವ ಅವಕಾಶ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಅಲ್ಲಿದೆ. ಆದರೆ ಬಹುಪಾಲು ತಂಡಗಳು ಹೊಳೆಯ ಕಡೆಗೆ ಇಳಿಯುವುದೇ ಇಲ್ಲ. ಗುಡಿಯ ಮುಂದೆ, ಹೊಳೆಗೆ ಬೆನ್ನು ಮಾಡಿ ನಿಂತು ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತವೆ.

ಬೆಟ್ಟದ ಮಕ್ಕಳ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಮಲಪ್ರಭೆ ಘಟ್ಟದ ಮಗಳು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಡಿನಲ್ಲಿ ಹುಟ್ಟುತ್ತಾಳೆ. ಪಟ್ಟದಕಲ್ಲು ಇರುವ ಬಾಗಲಕೋಟೆ ಜಿಲ್ಲೆಯ ವಾರ್ಷಿಕ ಮಳೆ ಆರುನೂರು ಮಿಲಿಮೀಟರನ್ನೂ ಮುಟ್ಟದು. ಒಂದೇ ನದಿಯ ಮೇಲಿನ ಮನೆ ಮತ್ತು ಕೆಳಗಿನ ಮನೆ ಇವು. ಡಿಸೆಂಬರಿನಲ್ಲಿ ಹೊಳೆಗಿಳಿದ ಹುಡುಗಿಯೊಬ್ಬಳು 'ನೀರೆಲ್ಲಿ?' ಎಂದು ಕೇಳಿದಳೆಂದರೆ ಪಾಠ ಆರಂಭವಾಯಿತೆಂದೇ ಅರ್ಥ. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟು, ಅದರ ಹಿಂದೆ 37.73 ಟಿಎಂಸಿ ಸಾಮರ್ಥ್ಯದ ರೇಣುಕಾಸಾಗರ, ಅಲ್ಲಿಂದ ಹೊರಟ ಕಾಲುವೆಗಳು ಎಲ್ಲವೂ ಆ ಒಂದು ಪ್ರಶ್ನೆಯ ಬೆನ್ನಿಗೆ ಬರುತ್ತವೆ. 'ಹಾಗಾದರೆ 2019ರ ಆಗಸ್ಟ್‌ನಲ್ಲಿ ಇದೇ ಹೊಳೆ ಗುಡಿಗಳ ಅಂಗಳಕ್ಕೆ ಹೇಗೆ ನುಗ್ಗಿತು?' ಎಂಬುದು ಎರಡನೆಯ ಪ್ರಶ್ನೆ. ಆ ಉತ್ತರ ಅಷ್ಟು ಸುಲಭದ್ದಲ್ಲ. ಘಟ್ಟದಲ್ಲಿ ಕೆಲವೇ ದಿನಗಳಲ್ಲಿ ಸುರಿದ ಮಳೆ, ತುಂಬಿದ ಜಲಾಶಯದಿಂದ ಬಿಡಬೇಕಾಗಿ ಬಂದ ನೀರು, ಅದರ ಜೊತೆಗೆ ನೀರಿಲ್ಲದ ವರ್ಷಗಳಲ್ಲಿ ಜಾಲಿ ಬೆಳೆದು, ಬೆಳೆ ಇಟ್ಟು ಕಿರಿದಾದ ಪಾತ್ರ. ತಪ್ಪು ಒಬ್ಬರದಲ್ಲ ಎಂಬುದನ್ನು ಹದಿನಾಲ್ಕರ ವಯಸ್ಸಿನಲ್ಲಿ ಕಣ್ಣಾರೆ ಕಾಣುವುದಕ್ಕೂ ಪರೀಕ್ಷೆಗೆ ಐದು ಕಾರಣಗಳನ್ನು ಉರುಹೊಡೆಯುವುದಕ್ಕೂ ಬಹಳ ಅಂತರವಿದೆ.

ಗುಡಿಗಳಿಂದ ಸ್ವಲ್ಪ ದೂರ ನಡೆದರೆ ಎರೆಹೊಲ. ಆ ವೇಳೆಗೆ ಅಲ್ಲಿ ಹಿಂಗಾರಿ ಜೋಳ ತೆನೆ ಹಾಯುತ್ತಿರುತ್ತದೆ, ನಡುನಡುವೆ ಕಡಲೆ, ಕುಸುಬೆಯ ಅಕ್ಕಡಿ ಸಾಲುಗಳು. ಬಿತ್ತಿದ ಮೇಲೆ ಈ ಬೆಳೆ ಬಹುಮಟ್ಟಿಗೆ ಮಳೆಯನ್ನೇ ಕಾಣುವುದಿಲ್ಲ. ಆರು ತಿಂಗಳು ಮಳೆ ಕಂಡು, ಏಪ್ರಿಲ್‌ನಲ್ಲಿ ಬಾವಿ ಬತ್ತಿತೆಂದು ಟ್ಯಾಂಕರಿಗೆ ಕಾಯುವ ಊರಿನ ಮಗುವಿಗೆ ಇದು ನಂಬಲಾಗದ ಸಂಗತಿ. ರೈತನ ಅನುಮತಿ ಪಡೆದು ಸಲಿಕೆಯಿಂದ ಮೊಣಕಾಲಾಳ ಅಗೆಯಲಿ. ಮೇಲೆ ಬಿರುಕು ಬಿಟ್ಟು ಒಣಗಿದ ಮಣ್ಣು ಕೆಳಗೆ ತಂಪಾಗಿ, ಮುಷ್ಟಿಯಲ್ಲಿ ಉಂಡೆಯಾಗುತ್ತದೆ. ಮುಂಗಾರಿನಲ್ಲಿ ಕುಡಿದ ನೀರನ್ನು ಜೇಡಿಯ ಕಣಗಳು ಹಿಡಿದಿಟ್ಟಿವೆ. ಬೇಸಾಯಗಾರ ಎಡೆಕುಂಟೆ ಹೊಡೆಯುವುದು ಕಳೆಗಾಗಿ ಮಾತ್ರವಲ್ಲ, ಬಿರುಕು ಮುಚ್ಚಿ ಆ ತೇವ ಆರದಂತೆ ಕಾಯುವುದಕ್ಕೂ ಹೌದು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ರೈತನೊಬ್ಬ ಇದನ್ನು ವಿವರಿಸುವಾಗ, ವಿದ್ಯೆ ಇರುವುದು ಪುಸ್ತಕದವರ ಬಳಿ ಮಾತ್ರ ಎಂಬ ಭ್ರಮೆ ಮಗುವಿನಲ್ಲಿ ಸಡಿಲವಾಗುತ್ತದೆ. ಎಳ್ಳಮಾವಾಸ್ಯೆಯ ದಿನವೇ ತಂಡ ಅಲ್ಲಿದ್ದರಂತೂ ಚರಗ ಚೆಲ್ಲಲು ಬಂದ ಕುಟುಂಬದವರು ಊಟಕ್ಕೆ ಕರೆಯದೆ ಬಿಡಲಾರರು. ಮನೆಯಿಂದ ತಂದ ಚಿತ್ರಾನ್ನದ ಡಬ್ಬಿಯನ್ನು ಮುಚ್ಚಿಟ್ಟು ಸಜ್ಜೆಯ ರೊಟ್ಟಿ ಮುರಿಯುವುದೂ ಕಲಿಕೆಯೇ.

ಕೃಷಿ ಪದವಿಯ ಅಂತಿಮ ವರ್ಷದ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿ ರೈತರ ಜೊತೆಗಿರುವ 'ಗ್ರಾಮೀಣ ಕೃಷಿ ಕಾರ್ಯಾನುಭವ' ಕಾರ್ಯಕ್ರಮ ಇದೇ ತತ್ತ್ವದ ಮೇಲೆ ನಿಂತಿದೆ. ಶಿಫಾರಸು ಮಾಡಲೆಂದು ಹೋದವರು ಮೊದಲ ವಾರ ಮಾತಾಡುತ್ತಾರೆ, ನಂತರ ಕೇಳಿಸಿಕೊಳ್ಳಲು ಕಲಿಯುತ್ತಾರೆ. ಇಪ್ಪತ್ತೊಂದರಲ್ಲಿ ದೊರೆಯುವ ಈ ಸಂಸ್ಕಾರ ಹದಿನಾಲ್ಕರಲ್ಲಿ ದೊರೆಯಬಾರದೆಂದೇನೂ ಇಲ್ಲ.

ಬೆಟ್ಟದ ಪರಿಸರ ಚಳವಳಿಗೆ ಒಪ್ಪಿಕೊಳ್ಳಲು ತುಸು ಕಷ್ಟವಾದ ಮಾತೊಂದು ಇಲ್ಲಿದೆ. ಕಳಸಾ–ಬಂಡೂರಿ ವಿಷಯದಲ್ಲಿ ಘಟ್ಟದವರು ಕಾಡಿನ ಪರವಾಗಿ ಮಾತಾಡುತ್ತಾರೆ. ಆ ಆತಂಕಕ್ಕೆ ಆಧಾರವಿದೆ. ಆದರೆ ಮಲಪ್ರಭೆಯ ಕೆಳದಂಡೆಯಲ್ಲಿ, ನರಗುಂದ–ನವಲಗುಂದದ ಬಯಲಿನಲ್ಲಿ, ಆ ನೀರನ್ನು ಕಾಯುತ್ತಿರುವವರ ಮುಖವನ್ನು ಎಷ್ಟು ಜನ ನೋಡಿದ್ದಾರೆ? 1980ರ ಜುಲೈನಲ್ಲಿ ಅದೇ ನೆಲದಲ್ಲಿ ರೈತರು ಮಲಪ್ರಭಾ ಯೋಜನೆಯ ಅಭಿವೃದ್ಧಿ ಕರದ ವಿರುದ್ಧ ಬಂಡೆದ್ದು ಗೋಲಿಬಾರಿಗೆ ಪ್ರಾಣ ತೆತ್ತರು. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿಯಲ್ಲಿ ಮಲಪ್ರಭೆಗೆ ತಿರುಗಿಸಲು ಇರುವುದು 3.9 ಟಿಎಂಸಿ. ಅಂಕಿ ಚಿಕ್ಕದೋ ದೊಡ್ಡದೋ ಎಂಬುದು ನಿಂತ ಜಾಗದ ಮೇಲೆ ಹೋಗುತ್ತದೆ. ಬಯಲಿನ ಮನೆಯೊಂದರಲ್ಲಿ ಎರಡು ರಾತ್ರಿ ಕಳೆದ ವಿದ್ಯಾರ್ಥಿ ಮುಂದೆ ಕಾಡಿನ ಪರವೇ ನಿಲ್ಲಬಹುದು, ಆದರೆ ಎದುರಿನವನನ್ನು ಶತ್ರುವೆಂದು ಬಗೆಯಲಾರ. ಚಳವಳಿಯ ಹಿರಿಯರಲ್ಲಿ ಅನೇಕರಿಗೆ ಈ ಭಾಗ್ಯ ದೊರೆಯಲಿಲ್ಲ.

ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಮಗುವಿನ ಕಾಲು ಉಳುಕಿದರೂ ಉತ್ತರ ಕೊಡಬೇಕಾದವರು ಅವರೇ. ಹೊಳೆಯ ದಂಡೆಗೆ ಐವತ್ತು ಮಕ್ಕಳನ್ನು ಇಳಿಸುವುದು ಧೈರ್ಯದ ಕೆಲಸ. ಪಾಲಕರಿಗೂ ಕೊಟ್ಟ ಹಣಕ್ಕೆ ಹೆಚ್ಚು ಊರು ತೋರಿಸಿದರೆ ಸಮಾಧಾನ. ಶಾಲೆಯ ಹೊರಗಿನ ಬದುಕಿನೊಂದಿಗೆ ಜ್ಞಾನವನ್ನು ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. 2020ರ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ದಿನಗಳ ಚೀಲರಹಿತ ಕಲಿಕೆಯನ್ನು ಸೂಚಿಸಿತು. ಸುತ್ತೋಲೆಗಳಿಗೆ ಕೊರತೆಯಿಲ್ಲ.

ಆರು ಊರುಗಳ ಪಟ್ಟಿಯಿಂದ ನಾಲ್ಕನ್ನು ಹೊಡೆದುಹಾಕಿದರೆ ಖರ್ಚು ಹೆಚ್ಚದೆ ಪಟ್ಟದಕಲ್ಲಿಗೆ ಎರಡು ದಿನ ಉಳಿಯುತ್ತದೆ. ಒಂದು ದಿನ ಗುಡಿಗಳಿಗೆ, ಒಂದು ದಿನ ಹೊಳೆ ಮತ್ತು ಹೊಲಕ್ಕೆ. ಸ್ಥಳೀಯ ಶಾಲೆಯೊಂದು ಜೊತೆಯಾದರೆ ಉಳಿಯುವ ವ್ಯವಸ್ಥೆಯೂ, ದಾರಿ ತೋರುವ ಗೆಳೆಯರೂ ದೊರೆತಂತೆ. ಬರುವ ಜುಲೈಯಲ್ಲಿ ಆ ಶಾಲೆಯ ಮಕ್ಕಳನ್ನು ಘಟ್ಟಕ್ಕೆ ಕರೆಯಬೇಕು. ಕೊಡೆ ಹಿಡಿದು, ಉಂಬಳ ಕಚ್ಚಿಸಿಕೊಂಡು, ತಮ್ಮೂರಿನ ಹೊಳೆ ಕಾಡಿನ ತರಗೆಲೆಯ ಅಡಿಯಿಂದ ಜಿನುಗಿ ಹೊರಡುವುದನ್ನು ಅವರೂ ಕಣಕುಂಬಿಯಲ್ಲಿ ನಿಂತು ನೋಡಲಿ.