ಮಗಳಿಗೆ ತೂಕದ ಪತ್ರ, ಅಮ್ಮನಿಗೆ ವಿಮೆ ಇಲ್ಲ

ಅಮೆರಿಕದ ಅರ್ಕಾನ್ಸಾ ರಾಜ್ಯ 2003ರಲ್ಲಿ ಒಂದು ಕಾನೂನು ತಂತು. ಸರ್ಕಾರಿ ಶಾಲೆಗಳು ಮಕ್ಕಳ ಎತ್ತರ, ತೂಕ ಅಳೆದು, ಬಿಎಂಐ ಲೆಕ್ಕ ಹಾಕಿ, ಪತ್ರದಲ್ಲಿ ಮನೆಗೆ ತಿಳಿಸಬೇಕು. ಒಂಥರಾ ಮೈಯ ಮಾರ್ಕ್ಸ್ ಕಾರ್ಡು. ಈ ರಾಜ್ಯದ ಸ್ಪ್ರಿಂಗ್‌ಡೇಲ್ ಊರಿನಲ್ಲಿ, ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಿಂದ ಬಂದ ಸಾವಿರಾರು ಜನ ಇದ್ದಾರೆ. ಬಹಳಷ್ಟು ಮಂದಿ ದುಡಿಯೋದು ಕೋಳಿ ಮಾಂಸದ ಫ್ಯಾಕ್ಟರಿಗಳಲ್ಲಿ.

ಅಂಥ ಮನೆಯ ಹದಿನೈದರ ಹುಡುಗಿ ಆ ಪತ್ರವನ್ನು ಹೇಗೆ ಓದ್ಕೋಬೇಕು? ಅವಳ ಜನರಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ ಅಂದ್ರೆ ಕೆಮೆಮ್, ಬಂಧುಬಳಗಕ್ಕೆಲ್ಲ ಊಟ ಹಾಕುವ ದೊಡ್ಡ ಹಬ್ಬ. ಬಡಿಸುವುದೇ ಪ್ರೀತಿ. (ಅಜ್ಜಿ ಮನೆಗೆ ಹೋಗಿ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ.) ಪೆಸಿಫಿಕ್‌ನ ಹಲವು ಸಮುದಾಯಗಳಲ್ಲಿ ತುಂಬಿದ ಮೈ ಅಂದ್ರೆ 'ಇವರನ್ನು ಮನೆಯವರು ಚೆನ್ನಾಗಿ ನೋಡ್ಕೊಂಡಿದ್ದಾರೆ' ಅಂತ ಅರ್ಥ. ಆದರೆ ಅವಳ ಫೋನು ತೋರಿಸೋ ಮೈಯೇ ಬೇರೆ. ಅದೇ ಸಾಗರದ ಫಿಜಿಯ ಒಂದು ಪ್ರಾಂತ್ಯದಲ್ಲಿ 1995ರಲ್ಲಿ ಟಿವಿ ಬಂದ ಮೂರೇ ವರ್ಷಕ್ಕೆ, ತೆಳ್ಳಗಾಗಲು ತಿಂದದ್ದನ್ನು ವಾಂತಿ ಮಾಡುವ ಹುಡುಗಿಯರನ್ನು ಸಂಶೋಧಕರು ಕಂಡಿದ್ದರು.

ಆ ಫೋನಿನ ಬಿಕಿನಿ ಫೋಟೊಗಳ ಹೆಸರೂ ಅವಳ ದ್ವೀಪಗಳದ್ದೇ. ಬಿಕಿನಿ ಅಲ್ಲಿನ ಒಂದು ಹವಳದ ದ್ವೀಪ. 1946ರ ಜುಲೈ 1ರಂದು ಅಮೆರಿಕ ಅಲ್ಲಿ ಅಣುಬಾಂಬ್ ಸಿಡಿಸಿತು. ಅದೇ ವಾರ ಪ್ಯಾರಿಸಿನಲ್ಲಿ ಈಜುಡುಗೆಗೆ ಆ ಹೆಸರಿಟ್ಟರು.

ತೂಕದ ಕತೆಯಲ್ಲೂ ಆ ಬಾಂಬಿನ ಪಾಲಿದೆ. 1958ರ ಹೊತ್ತಿಗೆ ಮಾರ್ಷಲ್ ದ್ವೀಪಗಳಲ್ಲಿ 67 ಪರೀಕ್ಷೆಗಳಾದವು. ಬಿಕಿನಿಯ 167 ಜನರನ್ನು ಮೊದಲು ರಾಂಗೆರಿಕ್‌ಗೆ ಸಾಗಿಸಿದರು. ಅಲ್ಲಿ ಉಪವಾಸ ಬಿದ್ದರು. 1948ರಲ್ಲಿ ಕಿಲಿ ದ್ವೀಪಕ್ಕೆ. ಬಿಕಿನಿಯಲ್ಲಿ ಹವಳದ ದಂಡೆಯೊಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುತ್ತಿದ್ದವರು ಅವರು. ಕಿಲಿಯಲ್ಲಿ ಆ ಶಾಂತ ನೀರೇ ಇಲ್ಲ, ತಿಂಗಳುಗಟ್ಟಲೆ ದೋಣಿ ಇಳಿಸುವುದೇ ಕಷ್ಟ. ಮೀನು, ತೆಂಗು, ಜೀಗುಜ್ಜೆ, ಕೇದಗೆ ಜಾತಿಯ ಹಣ್ಣು ಇದ್ದ ತಟ್ಟೆಗೆ ಹಡಗಿನಲ್ಲಿ ಬಂದ ಬಿಳಿ ಅಕ್ಕಿ, ಮೈದಾ, ಡಬ್ಬಿ ಮಾಂಸ ಬಿತ್ತು. ಬಾಂಬ್ ಬೀಳದ ದ್ವೀಪಗಳಿಗೂ ವ್ಯಾಪಾರ, ಸಂಬಳದ ಕೆಲಸದ ಜತೆ ಇದೇ ಊಟ ಹೋಯ್ತು. ಇವತ್ತು ಮಧುಮೇಹ ಅತಿ ಹೆಚ್ಚಿರುವ ದೇಶಗಳಲ್ಲಿ ಇದೂ ಒಂದು.

ಹಾಗಾಗಿ 'ದಪ್ಪಗಿರೋದು ಅವರ ಸಂಸ್ಕೃತಿ, ಬಿಟ್ಬಿಡಿ' ಅಂತ ನಾನು ಹೇಳ್ತಿಲ್ಲ. ಸಕ್ಕರೆ ಕಾಯಿಲೆ ಕಾಲು ಕತ್ತರಿಸುವ ತನಕ ಹೋಗುತ್ತೆ ಅನ್ನೋದು ಆ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಬಿಎಂಐ ಬಗ್ಗೆ ನನ್ನ ತಕರಾರು ಇಂಜಿನಿಯರಿಂಗ್ ಓದಿದವನದ್ದು. ಬೆಲ್ಜಿಯಂನ ಕೆಟ್ಲೆ 19ನೇ ಶತಮಾನದಲ್ಲಿ ಯುರೋಪಿನ ಜನರ ಅಳತೆಗಳಿಂದ ಕಂಡುಕೊಂಡ ಸೂತ್ರ ಅದು. ಮೀಟರ್ ಎಲ್ಲಿ ಕ್ಯಾಲಿಬ್ರೇಟ್ ಆಗಿದೆ ಅಂತ ನೋಡದೆ ರೀಡಿಂಗ್ ಬರ್ಕೊಂಡ್ರೆ ಲ್ಯಾಬಿನಲ್ಲಿ ಬೈಸ್ಕೊಳ್ತಿದ್ವಿ. ಭಾರತೀಯರೂ ಸೇರಿ ಏಷ್ಯನ್ನರಿಗೆ 25 ಅಲ್ಲ, 23ಕ್ಕೇ ಎಚ್ಚರ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದ್ದು ಸುಮ್ನೆ ಅಲ್ಲ. ಸರಿ, ಸೂತ್ರ ಒರಟು. ಆದರೂ ಮೊದಲ ಎಚ್ಚರಿಕೆಯಾಗಿ ಇಟ್ಕೊಳ್ಳೋಣ. ಎಚ್ಚರಿಕೆ ಸಿಕ್ಕ ಮೇಲೆ ಆ ಮನೆಯವರು ಹೋಗಬೇಕಾದ್ದು ಎಲ್ಲಿಗೆ?

1986ರಲ್ಲಿ ಜಾರಿಗೆ ಬಂದ ಒಪ್ಪಂದದಂತೆ ಮಾರ್ಷಲ್ ದ್ವೀಪದವರು ವೀಸಾ ಇಲ್ಲದೆ ಅಮೆರಿಕದಲ್ಲಿ ಬದುಕಬಹುದು, ದುಡಿಯಬಹುದು. ಬದಲಿಗೆ ಅಮೆರಿಕಕ್ಕೆ ಕ್ವಾಜಲೀನ್‌ನಲ್ಲಿ ಕ್ಷಿಪಣಿ ಪರೀಕ್ಷಿಸುವ ನೆಲೆ. 1996ರಲ್ಲಿ ಹೊಸ ಕಾನೂನೊಂದು ಈ ವಲಸಿಗರಿಂದ ಮೆಡಿಕೇಡ್, ಅಂದ್ರೆ ಬಡವರ ಸರ್ಕಾರಿ ವಿಮೆಯನ್ನು ಕಿತ್ತುಕೊಂಡಿತು. ತೆರಿಗೆ ಮಾತ್ರ ಕಟ್ಟುತ್ತಲೇ ಇದ್ದರು. ಅದು ವಾಪಸ್ ಸಿಕ್ಕಿದ್ದು 2020ರ ಡಿಸೆಂಬರಿನಲ್ಲಿ. ಪತ್ರಗಳ ಕಾನೂನು ಬಂದು ಅಷ್ಟರಲ್ಲಿ 17 ವರ್ಷ. ಅಷ್ಟೂ ಕಾಲ, ಮಗಳ ತೂಕ ಹೆಚ್ಚಿದೆ ಅಂತ ಪತ್ರ ಓದಿದ ಅಮ್ಮನಿಗೆ ಫ್ಯಾಕ್ಟರಿಯ ವಿಮೆ ಇಲ್ಲದಿದ್ದರೆ, ತನ್ನ ಸಕ್ಕರೆ ಕಾಯಿಲೆಗೆ ಮೆಡಿಕೇಡ್ ಕೂಡ ಇರಲಿಲ್ಲ.