ಸುಶಿ ಹೋಟೆಲ್ಲೂ ನನ್ನ ತಂಗಿಯ ಮೆಸ್ಸೂ

ಸ್ವಲ್ಪ ಉದ್ದ ಆಗಿದೆ, ಬಿಡುವಿದ್ದಾಗ ಓದಿ.

ಹೋದ ತಿಂಗಳು ನನ್ನ ಮಗಳಿಗೆ ಬೆಂಗಳೂರಲ್ಲಿ ಮೊದಲ ಸಂಬಳ ಆಯ್ತು. "ಅಪ್ಪ, ಭಾನುವಾರ ಬಾ, ನಿಂಗೆ ಊಟ ಕೊಡಿಸ್ತೀನಿ" ಅಂದ್ಲು. ನಾನು ದೊನ್ನೆ ಬಿರಿಯಾನಿ ಅಂದುಕೊಂಡು ತುಮಕೂರಿಂದ ಬೆಳಗಿನ ಟ್ರೈನ್ ಹತ್ತಿದೆ. ಅವಳು ಕರೆದುಕೊಂಡು ಹೋಗಿದ್ದು ಇಂದಿರಾನಗರದ ಒಂದು ಒಳರಸ್ತೆಗೆ. ಕೆಳಗೆ ಟೈಲರ್ ಅಂಗಡಿ, ಪಕ್ಕದಲ್ಲಿ ಜೆರಾಕ್ಸ್, ಮೇಲೆ ಒಂದು ಪುಟ್ಟ ಜಪಾನೀ ಹೋಟೆಲ್. ಎಂಟು ಸ್ಟೂಲು, ಮೂರು ಟೇಬಲ್ಲು. ಅಷ್ಟೆ.

"ಇಲ್ಲಿ ಸುಶಿ ಚೆನ್ನಾಗಿರುತ್ತೆ" ಅಂದ್ಲು. ನಾನು ಅದನ್ನ ಸಿನಿಮಾದಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ.

ಉದ್ದನೆಯ ಮರದ ಹಲಗೆ. ಆ ಕಡೆ ಅಡುಗೆಯವನು, ಈ ಕಡೆ ನಾವು. ನಡುವೆ ಗೋಡೆ ಇಲ್ಲ, ಪರದೆ ಇಲ್ಲ. ಆ ಹುಡುಗ ಬಟ್ಟಲಿನ ನೀರಿಗೆ ಕೈ ಅದ್ದಿ, ಹುಳಿ ಬೆರೆಸಿದ ಅನ್ನ ಒಂದು ಹಿಡಿ ತಗೊಂಡು, ಅಂಗೈಯಲ್ಲೇ ಎರಡು ಸಲ ಒತ್ತಿ, ಮೇಲೆ ಒಂದು ಹಸಿ ಮೀನಿನ ಚೂರು ಇಟ್ಟು, ಅದೇ ಕೈಯಲ್ಲಿ ನನ್ನ ತಟ್ಟೆಗೆ ಇಟ್ಟ. ಚಮಚ ಇಲ್ಲ, ಸೌಟಿಲ್ಲ. ಕೈಯಿಂದ ಕೈಗೆ. ನಾನು ಕಡ್ಡಿ ಹಿಡಿಯೋಕೆ ಒದ್ದಾಡುತ್ತಿದ್ದಾಗ, "ಕೈಯಲ್ಲೇ ತಿನ್ನಿ ಸಾರ್, ಅದೇ ಸರಿ" ಅಂತ ಹಿಂದಿಯಲ್ಲಿ ಹೇಳಿದ.

ರುಚಿ ಬಗ್ಗೆ ಸುಳ್ಳು ಹೇಳಲ್ಲ. ಮೊದಲನೇದು ಗಂಟಲಲ್ಲಿ ಇಳಿಯಲಿಲ್ಲ. ಎರಡನೇದು ಪರವಾಗಿಲ್ಲ ಅನಿಸ್ತು. ಆ ಹಸಿರು ವಸಾಬಿ ಇದೆಯಲ್ಲ, ಅದು ಸಾಸಿವೆ ಅರೆದಾಗ ಮೂಗಿಗೆ ಹೊಡೆದಂಗೆ ನೆತ್ತಿಗೇ ಹತ್ತಿತು. ಮಗಳು ನಕ್ಕಳು. ನನ್ನ ಕಣ್ಣಲ್ಲಿ ನೀರು ಬಂದಿದ್ದು ವಸಾಬಿಯಿಂದ ಅಂತ ಅವಳು ಅಂದುಕೊಂಡಳು. ಅರ್ಧ ನಿಜ.

ಇನ್ನರ್ಧ ನನ್ನಪ್ಪಂದು. ಗುಬ್ಬಿ ತಾಲೂಕಿನ ನಮ್ಮೂರಿನ ಗೇಟಲ್ಲಿ ಒಂದು ಸಣ್ಣ ಹೋಟೆಲ್ ಇತ್ತು. ನಾನು ಹುಡುಗನಾಗಿದ್ದಾಗಿನ ಮಾತು. ಅಪ್ಪನ ಕಾಲದಲ್ಲಿ ಅಲ್ಲಿ ನಮ್ಮವರಿಗೆ ಕಾಯಿಚಿಪ್ಪಲ್ಲಿ ಟೀ. ನನ್ನ ಕಾಲಕ್ಕೆ ಚಿಪ್ಪು ಹೋಗಿ ಗ್ಲಾಸ್ ಬಂತು, ಆದರೆ ಅದು ಹೊರಗಿನ ಗೋಡೆಯ ಗೂಡಲ್ಲಿ. ನಾವೇ ತಗೋಬೇಕು, ಹೊರಗೇ ಕೂತು ಕುಡೀಬೇಕು, ನಾವೇ ತೊಳೆದು ಬೋರಲು ಹಾಕಬೇಕು. ಟೀ ಸುರಿಯೋನು ಪಾತ್ರೆಯನ್ನ ಒಂದು ಗೇಣು ಮೇಲಕ್ಕೆತ್ತಿ ಸುರೀತಿದ್ದ. ಬಿಸಿ ಟೀ ಅಪ್ಪನ ಬೆರಳ ಮೇಲೆ ಸಿಡೀತಿತ್ತು. ಅಪ್ಪ ಕೈ ಅಲ್ಲಾಡಿಸುತ್ತಿರಲಿಲ್ಲ. ಅಲ್ಲಾಡಿಸಿದರೆ ಗ್ಲಾಸು ಪಾತ್ರೆಗೆ ತಗುಲಿಬಿಟ್ಟರೆ?

ಆ ಒಂದು ಗೇಣೇ ಜಾತಿ.

ಇಲ್ಲಿ ಯಾವನೋ ಗುರುತಿಲ್ಲದ ಹುಡುಗ ಅಂಗೈಯಲ್ಲಿ ಅನ್ನ ಒತ್ತಿ ನನ್ನ ಮುಂದೆ ಇಡ್ತಿದ್ದಾನೆ. ಅವನಿಗೆ ನಾನು ಯಾರು ಅಂತ ಬೇಡ. ನನಗೆ ಅವನು ಯಾರು ಅಂತ?

ಇಲ್ಲೇ ನನ್ನ ತಪ್ಪೊಂದನ್ನ ಒಪ್ಪಿಕೊಳ್ತೀನಿ. "ಯಾವೂರಪ್ಪ?" ಅಂದೆ. ಮಣಿಪುರ ಅಂದ. ಅಲ್ಲಿ ಯಾವ ಜನ ಅಂತ ಕೇಳೋಕೆ ಬಾಯಿ ಬಂದೇಬಿಡ್ತು. 2023ರ ಮೇ ತಿಂಗಳಿಂದ ಆ ರಾಜ್ಯದಲ್ಲಿ ಆ ಪ್ರಶ್ನೆಗೆ ಕೊಟ್ಟ ಉತ್ತರದ ಮೇಲೆ ಮನೆಗಳು ಸುಟ್ಟಿವೆ, ಜೀವಗಳು ಹೋಗಿವೆ. ನುಂಗಿಕೊಂಡೆ. ಜೀವಮಾನವೆಲ್ಲ "ನೀವು ಯಾವ ಪೈಕಿ?" ಅನ್ನೋದನ್ನ ಕೇಳಿಸಿಕೊಂಡು ಬಂದವನು ನಾನು. ನನ್ನ ನಾಲಿಗೆಗೇ ಆ ಪ್ರಶ್ನೆ ಅಷ್ಟು ಸಲೀಸಾಗಿ ಬರುತ್ತೆ ಅಂದ್ರೆ ಈ ರೋಗ ಎಷ್ಟು ಆಳಕ್ಕಿಳಿದಿದೆ ನೋಡಿ. ಇದೇ ಬೆಂಗಳೂರಲ್ಲಿ 2012ರ ಆಗಸ್ಟಲ್ಲಿ ಬರೀ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ದನ್ನ ನಾವು ಮರೆತಿದ್ದೀವಿ. ಅವರು ಮರೆತಿರಲಿಕ್ಕಿಲ್ಲ.

ಈಗ ಕೆಲವರು ಕಾಮೆಂಟಲ್ಲಿ ಬರೀತೀರಿ, "ನೋಡಿದ್ರಾ ಸಾರ್, ಹೊರದೇಶದ ಊಟದಲ್ಲಿ ಜಾತಿ ಇಲ್ಲ, ಜಪಾನಲ್ಲಿ ಇದೆಲ್ಲ ಇಲ್ಲ" ಅಂತ. ಸ್ವಲ್ಪ ತಡೀರಿ.

ಜಪಾನಲ್ಲೂ ಕೇರಿ ಇದೆ. ಅದಕ್ಕೆ ಬುರಾಕು ಅಂತಾರೆ. ಆ ಪದಕ್ಕೆ ಹಳ್ಳಿ, ಕೇರಿ ಅಂತಲೇ ಅರ್ಥ. ಸತ್ತ ದನ ಎತ್ತೋದು, ಚರ್ಮ ಸುಲಿಯೋದು, ಹದ ಮಾಡೋದು ಅವರ ಕೆಲಸ. ಹಳೇ ಹೆಸರು 'ಎತಾ'. ಅದನ್ನ ಬರೆಯೋ ಅಕ್ಷರಗಳ ಅರ್ಥವೇ 'ಬಹಳ ಹೊಲಸು'. ಕ್ರಿ.ಶ. 675ರಲ್ಲಿ ಅಲ್ಲಿನ ಚಕ್ರವರ್ತಿ ತೆಮ್ಮು ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನಬಾರದು ಅಂತ ಆಜ್ಞೆ ಹೊರಡಿಸಿದ. ಮುಂದೆ ನೂರಾರು ವರ್ಷ ಮಾಂಸ ಮುಟ್ಟಿದವರು ಮೈಲಿಗೆ. ದೊರೆಗಳಿಗೆ ಕುದುರೆ ಜೀನಿಗೆ, ಯುದ್ಧದ ಕವಚಕ್ಕೆ ಚರ್ಮ ಮಾತ್ರ ಬೇಕು. ಚರ್ಮ ಬೇಕು, ಸುಲಿಯೋನು ಬೇಡ. ಎಲ್ಲೋ ಕೇಳಿದಂಗಿದೆ ಅಲ್ವಾ?

1871ರಲ್ಲಿ ಸರ್ಕಾರ ಈ ಭೇದವನ್ನ ಕಾನೂನಲ್ಲಿ ತೆಗೆದುಹಾಕಿತು. ಮಾರನೇ ವರ್ಷ ಮೇಜಿ ಚಕ್ರವರ್ತಿ ತಾನೇ ದನದ ಮಾಂಸ ತಿಂದಿದ್ದನ್ನ ಜನಕ್ಕೆ ಸಾರಿದರು. ಹಂಗಾದರೆ ಮೈಲಿಗೆ ಹೋಗಬೇಕಿತ್ತಲ್ಲ? ಮಾಂಸದ ಮೈಲಿಗೆ ಹೋಯ್ತು, ಮನುಷ್ಯರದ್ದು ಉಳೀತು. 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ ಆ ಜನ ಸೇರಿ 'ಸುಯಿಹೇಯಿಶಾ' ಅಂತ ಸಂಘಟನೆ ಕಟ್ಟಿದರು. ಸಮತಟ್ಟು ಮಾಡುವವರ ಸಂಘ ಅಂತ. ಅದಾಗಿ ಐದು ವರ್ಷಕ್ಕೆ, 1927ರ ಮಾರ್ಚ್ 20ಕ್ಕೆ, ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಮುಟ್ಟಿದರು. ಒಬ್ಬರಿಗೊಬ್ಬರು ಮುಖ ನೋಡದ ಎರಡು ಕೇರಿಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಎದ್ದು ನಿಂತವು.

ಅಷ್ಟಾದರೂ 1975ರಲ್ಲಿ ಜಪಾನಲ್ಲಿ ಒಂದು ಹಗರಣ ಹೊರಬಿತ್ತು. ಎಲ್ಲೆಲ್ಲಿ ಬುರಾಕು ಕೇರಿಗಳಿವೆ ಅಂತ ಊರಿನ ಹೆಸರುಗಳ ಪಟ್ಟಿ ಮಾಡಿ ಪುಸ್ತಕ ಅಚ್ಚು ಹಾಕಿ, ದೊಡ್ಡ ದೊಡ್ಡ ಕಂಪನಿಗಳಿಗೆ ಗುಟ್ಟಾಗಿ ಮಾರಿದ್ದರು. ಕೆಲಸಕ್ಕೆ ಅರ್ಜಿ ಹಾಕಿದವನ ಊರು ನೋಡಿ ಹೊರಗಿಡೋಕೆ. ನಮ್ಮಲ್ಲಿ ಪುಸ್ತಕ ಬೇಡ. "ಊರಲ್ಲಿ ನಿಮ್ಮನೆ ಎಲ್ಲಿ ಬರುತ್ತೆ, ದೇವಸ್ಥಾನದ ಹತ್ರನಾ?" ಅಂದರೆ ಸಾಕು.

ಸುಶಿ ಕೂಡ ದೊಡ್ಡವರ ಊಟ ಆಗಿರಲಿಲ್ಲ. ಕೈಯಲ್ಲಿ ಒತ್ತಿ ಕೊಡೋ ಈ ಸುಶಿ ಹುಟ್ಟಿದ್ದು 19ನೇ ಶತಮಾನದ ಎದೋ ಪಟ್ಟಣದ, ಅಂದರೆ ಇವತ್ತಿನ ಟೋಕಿಯೋದ, ಬೀದಿಬದಿ ಗಾಡಿಗಳಲ್ಲಿ. ನಿಂತಲ್ಲೇ ತಿಂದು ಕೈ ಒರೆಸಿಕೊಂಡು ಹೋಗೋ ಊಟ. ನಮ್ಮ ಬಸ್ ಸ್ಟ್ಯಾಂಡಿನ ಇಡ್ಲಿ ಗಾಡಿ ಇದ್ದಂಗೆ. ಒಸಾಕ ಕಡೆ ಬುರಾಕು ಜನ ದನದ ಕರುಳನ್ನ ಅದರದೇ ಕೊಬ್ಬಲ್ಲಿ ಗರಿಗರಿಯಾಗಿ ಕರಿದು ಇಟ್ಟುಕೊಳ್ತಿದ್ದರು. ಉಳಿದವರು ಬೇಡ ಅಂತ ಬಿಟ್ಟಿದ್ದನ್ನ ಇವರು ರುಚಿ ಮಾಡಿಕೊಂಡರು. ಅದನ್ನ ಹಾಕಿದ ಉದೊನ್ ಶಾವಿಗೆಯನ್ನ ಇವತ್ತು ಅಲ್ಲಿ ಎಲ್ಲರೂ ತಿಂತಾರೆ. ನಮ್ಮ ಬೋಟಿ ಗೊಜ್ಜಿನ ಕಥೆಯೇ ಅದು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಊಟಕ್ಕೆ ಮೈಲಿಗೆ ಇಲ್ಲ. ಅದನ್ನ ಮಾಡಿದ ಕೈಗೆ ಮೈಲಿಗೆ ಹಚ್ಚೋದು. ಅದೇ ಹಸಿ ಮೀನು ಇಂದಿರಾನಗರದಲ್ಲಿ ಸ್ಟೈಲು. ಅದೇ ನಾವು ತುಮಕೂರಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಒಣಮೀನು ಹುರಿದ ದಿನ ಓನರ್ ಬಂದು "ಮೇಷ್ಟ್ರು ಮಗ ಮನೆ ಕೇಳ್ತಿದ್ದಾನೆ, ನೀವು ಬೇರೆ ನೋಡಿಕೊಳ್ಳಿ" ಅಂದಿದ್ದ. ಮೇಷ್ಟ್ರೂ ಇರಲಿಲ್ಲ, ಮಗನೂ ಇರಲಿಲ್ಲ.

ಇನ್ನು ನನ್ನ ತಂಗಿ ವಿಷಯಕ್ಕೆ ಬರ್ತೀನಿ.

ನಾಲ್ಕು ವರ್ಷದಿಂದ ಮರಳೂರಲ್ಲಿ ಅವಳದೊಂದು ಸಣ್ಣ ಮೆಸ್ ಇದೆ. ಮುದ್ದೆ, ಬಸ್ಸಾರು, ಉಪ್ಸಾರು, ಬುಧವಾರ ಭಾನುವಾರ ಬೋಟಿ, ಕೋಳಿ ಸಾರು. ಕಟ್ಟಡ ಕೆಲಸದವರು, ಕಾಲೇಜು ಹುಡುಗರು, ಕುಣಿಗಲ್ ಕಡೆಯಿಂದ ಬರೋ ಡ್ರೈವರುಗಳು ಊಟಕ್ಕೆ ಬರ್ತಾರೆ. ಶುರುವಾದಾಗ ಗಲ್ಲಾಪೆಟ್ಟಿಗೆ ಮೇಲೆ ಬಾಬಾಸಾಹೇಬರ ಫೋಟೋ ಹಾಕಿದ್ದಳು. ಮೊದಲು ಚೆನ್ನಾಗಿ ನಡೀತು. ಆಮೇಲೆ ಒಬ್ಬೊಬ್ಬರೇ ಕಮ್ಮಿ ಆದರು. ಯಾರೂ ಜಗಳ ಆಡಲಿಲ್ಲ, ಯಾರೂ ಬೈಯಲಿಲ್ಲ. ಬಂದವರು ಗೋಡೆ ನೋಡೋರು, ಫೋನ್ ನೋಡೋರು, "ಆಮೇಲೆ ಬರ್ತೀವಿ" ಅಂತ ಹೋಗೋರು.

ಒಬ್ಬ ಹಿತೈಷಿ ನನಗೆ ಹೇಳಿದ. "ಅಣ್ಣ, ವ್ಯಾಪಾರ ಬೇರೆ, ಹೋರಾಟ ಬೇರೆ. ಆ ಫೋಟೋ ಒಳಗಡೆ ಹಾಕಿಕೊಳ್ಳಕ್ಕೆ ಹೇಳು."

ಸ್ಟೂಲ್ ಹಾಕಿಕೊಂಡು ಆ ಫೋಟೋ ಇಳಿಸಿದವನು ನಾನೇ.

ಹೌದು, ಇಪ್ಪತ್ತು ವರ್ಷ ನೀಲಿ ಬಾವುಟ ಹಿಡಿದವನು, ಏಪ್ರಿಲ್ 14ಕ್ಕೆ ಮೈಕ್ ಹಿಡಿಯೋನು, ನಾನೇ. ಗುರುತು ಸಿಗದಿರಲಿ ಅಂತ ಒಂದು ಕ್ಯಾಲೆಂಡರ್ ನೇತುಹಾಕಿದೆ. ಒಂದೇ ತಿಂಗಳಲ್ಲಿ ದಿನಕ್ಕೆ ಹದಿನೈದು ಊಟ ಜಾಸ್ತಿ ಹೋಯ್ತು. ತಂಗಿ ಖುಷಿಯಾಗಿದ್ದಳೋ ಇಲ್ಲವೋ ನಾನು ಕೇಳಲಿಲ್ಲ.

ನಮ್ಮೂರಲ್ಲಿ ಬೋರ್ಡುಗಳನ್ನ ನೋಡಿ. ಅಯ್ಯಂಗಾರ್ ಬೇಕರಿ, ಗೌಡ್ರ ಮುದ್ದೆ ಹೋಟೆಲ್, ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಫಲಾಹಾರ. ಜಾತಿ ಹೆಸರೇ ಬ್ರಾಂಡು. ಆ ಹೆಸರು ಹಾಕಿದ್ದಕ್ಕೇ ಗಿರಾಕಿ ಬರ್ತಾರೆ. 'ಮಾದಿಗರ ಮಿಲಿಟರಿ ಹೋಟೆಲ್', 'ಹೊಲೇರ ಮನೆ ಊಟ' ಅಂತ ಒಂದು ಬೋರ್ಡ್ ಎಲ್ಲಾದರೂ ನೋಡಿದ್ದೀರಾ? ಪಕ್ಕದ ತಮಿಳುನಾಡಲ್ಲಿ ಪೆರಿಯಾರ್ 1957ರಲ್ಲಿ ಹೋಟೆಲ್ ಬೋರ್ಡಿನ ಮೇಲಿದ್ದ 'ಬ್ರಾಹ್ಮಣ' ಅನ್ನೋ ಪದ ತೆಗೀರಿ ಅಂತ ಚಳವಳಿ ಮಾಡಿದರು. ಬೋರ್ಡಲ್ಲಿ ಏನಿದೆ ಅಂತ ಜಗಳ ಆಡೋದು ಚಿಲ್ಲರೆ ವಿಷಯ ಅಲ್ಲ ಅಂತ ಅವರಿಗೆ ಗೊತ್ತಿತ್ತು.

ಕಾನೂನು ಇದೆ ಅಂತೀರಿ. ಇದೆ. ಸಂವಿಧಾನದ 15(2)ನೇ ವಿಧಿ ಹೋಟೆಲ್ಲುಗಳ ಹೆಸರು ಹಿಡಿದೇ ಹೇಳುತ್ತೆ. 17ನೇ ವಿಧಿ ಇದೆ. 1955ರ ಕಾಯ್ದೆ ಹೋಟೆಲಿನ ಪಾತ್ರೆ ಪಗಡ ಬಳಸೋಕೆ ಅಡ್ಡಿ ಮಾಡಿದರೂ ಅಪರಾಧ ಅನ್ನುತ್ತೆ. ಇವೆಲ್ಲ ದಲಿತ ಗಿರಾಕಿಯನ್ನ ಹೋಟೆಲ್ ಒಳಗೆ ಕೂರಿಸೋಕೆ. ದಲಿತಳೇ ಹೋಟೆಲ್ ಇಟ್ಟರೆ? ಬಹಿಷ್ಕಾರ ಹಾಕಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಸುಮ್ಮನೆ ಬರದೇ ಹೋದರೆ ಯಾವ ಸ್ಟೇಷನ್ನಿಗೆ ಹೋಗೋದು? ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡೋಳು ದಲಿತೆ ಅಂತ ಜನ ಮಕ್ಕಳನ್ನೇ ಬಿಡಿಸಿಕೊಂಡು ಹೋದ ಸುದ್ದಿ 2015ರಲ್ಲಿ ಓದಿದ್ದೀವಿ. ದಲಿತರ ಮನೆಯಲ್ಲಿ ಊಟ ಅಂತ ಹೋದ ನಾಯಕರಿಗೆ ಹೋಟೆಲಿಂದ ತಿಂಡಿ ತರಿಸಿದ್ದರು ಅನ್ನೋ ಸುದ್ದಿ 2017ರಲ್ಲಿ ಓದಿದ್ದೀವಿ. ಒಳಗೆ ಬಿಟ್ಟುಕೊಳ್ಳೋ ಪ್ರಶ್ನೆ ಅರ್ಧ ಮುಗಿದಿದೆ. ನಮ್ಮ ಕೈ ಅಡುಗೆ ಉಣ್ಣೋ ಪ್ರಶ್ನೆ ಇನ್ನೂ ಶುರುವೇ ಆಗಿಲ್ಲ.

ವಾಪಸ್ ಇಂದಿರಾನಗರಕ್ಕೆ. ಬಿಲ್ಲು 2,220 ರೂಪಾಯಿ ಆಯ್ತು. 2025-26ರ ನರೇಗಾ ಕೂಲಿ 370ರ ಲೆಕ್ಕದಲ್ಲಿ ನಮ್ಮಕ್ಕ ಆರು ದಿನ ಮಣ್ಣು ಹೊರಬೇಕಿತ್ತು. ಹಂಗಾಗಿ ಆ ಹೋಟೆಲ್ ಸಮಾನತೆಯ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಲ್ಲಿ ಜಾತಿ ಕೇಳಲಿಲ್ಲ, ನಿಜ. ದುಡ್ಡು ಬಾಗಿಲಲ್ಲೇ ಎಲ್ಲರನ್ನೂ ಸೋಸಿತ್ತು. ಆದರೂ ಆ ಅರ್ಧ ಗಂಟೆ ಒಬ್ಬನ ಅಂಗೈಯಿಂದ ಇನ್ನೊಬ್ಬನ ತಟ್ಟೆಗೆ ಅನ್ನ ದಾಟಿದ್ದನ್ನ ನಾನು ಕಣ್ಣಾರೆ ನೋಡಿದೆ. ಇದು ಆಗೋ ಕೆಲಸ.

ಟ್ರೈನಲ್ಲಿ ಬಿಡೋಕೆ ಬಂದಾಗ ಮಗಳು ಕೇಳಿದಳು. "ಅಪ್ಪ, ಅತ್ತೆ ಮೆಸ್ಸಲ್ಲಿ ತಾತನ ಫೋಟೋ ಎಲ್ಲೋಯ್ತು?" ಅವಳು ಚಿಕ್ಕವಳಿದ್ದಾಗಿಂದ ಬಾಬಾಸಾಹೇಬರನ್ನ ತಾತ ಅಂತಲೇ ಕರೆಯೋದು. ನಾನು ಉತ್ತರ ಕೊಡಲಿಲ್ಲ.

ಮುಂದಿನ ಭಾನುವಾರ ಮರಳೂರಿಗೆ ಹೋಗಿ ತಂಗಿಯನ್ನ ಕೇಳಿದೆ. "ವಾಪಸ್ ಹಾಕೋಣವಾ? ವ್ಯಾಪಾರ ನಿಂದು. ನಷ್ಟ ಆದರೆ ನಿಂಗೇ ಆಗೋದು. ನೀನು ಬೇಡ ಅಂದರೆ ಬೇಡ."

ಅವಳು ಒಳಗೆ ಹೋಗಿ ಅಕ್ಕಿ ಮೂಟೆ ಹಿಂದಿನಿಂದ ಫೋಟೋ ತಂದಳು. ಧೂಳು ಇರಲಿಲ್ಲ. ದಿನಾ ಒರೆಸುತ್ತಿದ್ದಳು ಅನಿಸುತ್ತೆ. "ಮೊಳೆ ಅಲ್ಲೇ ಇದೆ ಅಣ್ಣ. ನೀನು ಕ್ಯಾಲೆಂಡರ್ ಹಾಕಿದ್ದು ಅದಕ್ಕೇ ಅಲ್ವಾ" ಅಂದಳು.

ಹಾಕಿ ಇವತ್ತಿಗೆ ಹನ್ನೊಂದು ದಿನ. ದಿನಕ್ಕೆ ಎಪ್ಪತ್ತು ಊಟ ಹೋಗ್ತಿದ್ದದ್ದು ಐವತ್ತೆಂಟಕ್ಕೆ ಬಂದಿತ್ತು. ನಿನ್ನೆ ಅರವತ್ತೊಂದು. ಲೆಕ್ಕ ಇಡ್ತಿದ್ದೀನಿ, ಗುಮಾಸ್ತನ ಬುದ್ಧಿ.

ನಮ್ಮ ಸಂಘಟನೆಯ ಗೆಳೆಯರಿಗೆ ಒಂದು ಮಾತು. ಸಭೆ ಮುಗಿಸಿ ನಾವು ಊಟಕ್ಕೆ ಹೋಗೋದು ಎಲ್ಲಿಗೆ? ಕಾರ್ಯಕ್ರಮದ ಅಡುಗೆ ಕಾಂಟ್ರಾಕ್ಟ್ ಯಾರಿಗೆ ಕೊಡ್ತೀವಿ? ಮಕ್ಕಳ ನಾಮಕರಣಕ್ಕೆ ಯಾವ ಭಟ್ಟರನ್ನ ಕರೆಸ್ತೀವಿ? ಮೊದಲು ನಾವು ನಮ್ಮವರ ಕೈ ಊಟ ದುಡ್ಡು ಕೊಟ್ಟು ತಿನ್ನೋದು ಕಲಿಯೋಣ. ವಸಂತನರಸಾಪುರಕ್ಕೆ ಜಪಾನಿನ ಟೌನ್‌ಶಿಪ್ ಬರುತ್ತೆ ಅಂತ ಹತ್ತು ವರ್ಷದಿಂದ ಕೇಳ್ತಿದ್ದೀವಿ. ನಾಳೆ ತುಮಕೂರಲ್ಲೂ ಸುಶಿ ಹೋಟೆಲ್ ಆಗಬಹುದು. ಆಗಲಿ. ಅಲ್ಲಿ ಹಲಗೆಯ ಆ ಕಡೆ ನಿಂತು ಅನ್ನ ಒತ್ತೋಳು ನಮ್ಮ ಕೇರಿಯ ಹುಡುಗಿ ಆಗಿರಲಿ, ಅವಳ ಹಿಂದಿನ ಗೋಡೆಯಲ್ಲಿ ಅವಳಿಗೆ ಬೇಕಾದ ಫೋಟೋ ಇರಲಿ.

ಬೇರೆ ಸಮುದಾಯದ ಗೆಳೆಯರಿಗೂ ಒಂದು ಮಾತು. "ನಾನು ಜಾತಿ ನೋಡಲ್ಲ" ಅಂತ ಇಲ್ಲಿ ಬರೀಬೇಡಿ. ಮರಳೂರಿಗೆ ಬನ್ನಿ. ಬುಧವಾರ ಬೋಟಿ ಇರುತ್ತೆ. ಮುದ್ದೆಯನ್ನ ನನ್ನ ತಂಗಿ ಕೈಯಲ್ಲೇ ಕಟ್ಟೋದು, ನೀರಿಗೆ ಕೈ ಅದ್ದಿಕೊಂಡು, ಅಂಗೈಯಲ್ಲಿ ಹೊರಳಿಸಿ. ಕೂತು ಉಂಡು, ದುಡ್ಡು ಕೊಟ್ಟು ಹೋಗಿ.

ಜೈಭೀಮ್.