‘ವಂಶವಾಹಿ’ ಎಂಬ ಪದವೂ ಗಡ್ಡೆಯ ವರದಿಯೂ

ಜೀನ್ ಎಂಬ ಇಂಗ್ಲಿಷ್ ಶಬ್ದಕ್ಕೆ ಕನ್ನಡದಲ್ಲಿ ‘ವಂಶವಾಹಿ’ ಎನ್ನುತ್ತೇವೆ. ಸೊಗಸಾದ ಪದ. ಆದರೆ ಕ್ಯಾನ್ಸರ್ ಬಂದ ಮನೆಯಲ್ಲಿ ಈ ಪದವೇ ಕಳವಳಕ್ಕೆ ಕಾರಣವಾಗುತ್ತಿದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯಿಂದ ಬೆಂಗಳೂರಿಗೆ ಹೋಗಿ ಗಡ್ಡೆಯ ಜೀನ್ ಪರೀಕ್ಷೆ ಮಾಡಿಸಿಕೊಂಡು ಬಂದ ಸದ್ಭಕ್ತ ಕುಟುಂಬದವರು ನಮ್ಮನ್ನು ಕೇಳುವುದು ಬಹುಮಟ್ಟಿಗೆ ಎರಡೇ ಮಾತು. ದೋಷ ವಂಶದಲ್ಲಿಯೇ ಇದೆಯೆಂದಾಯಿತಲ್ಲ, ಮಗಳ ಮದುವೆಯ ಮಾತನ್ನು ಮುಂದುವರಿಸಬಹುದೆ? ವರದಿಯಲ್ಲಿ ಕಂಡಷ್ಟೇ ದಿನವೆ ಯಜಮಾನರ ಆಯುಸ್ಸು?

ಒಂದೇ ಕಾಫಿ ಗಿಡದ ಬೇರಿನಲ್ಲಿಯೂ ಎಲೆಯಲ್ಲಿಯೂ ಹೂವಿನಲ್ಲಿಯೂ ಇರುವ ವಂಶವಾಹಿಗಳು ಅವೇ. ಎಲ್ಲಿ ಯಾವುದು ಕಾರ್ಯನಿರತವಾಗಿದೆ, ಯಾವುದು ಮೌನವಾಗಿದೆ ಎಂಬುದರಿಂದ ಬೇರು ಬೇರಾಗಿಯೂ ಹೂವು ಹೂವಾಗಿಯೂ ಇರುತ್ತವೆ. ಮನುಷ್ಯದೇಹವೂ ಹಾಗೆಯೇ. ಕಾರ್ಯನಿರತವಾದ ವಂಶವಾಹಿಯು ಆರ್‌ಎನ್‌ಎ ಎಂಬ ನಕಲನ್ನು ಹೊರಡಿಸುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಚೂರಿನಲ್ಲಿ ಆ ನಕಲುಗಳನ್ನು ಅಳೆದು, ಹಲವು ವಂಶವಾಹಿಗಳ ಅಳತೆಯನ್ನು ಒಟ್ಟುಗೂಡಿಸಿ ಒಂದು ಅಂಕವನ್ನು ಕಟ್ಟುತ್ತಾರೆ. ವಿಜ್ಞಾನಿಗಳು ಇದನ್ನು ‘ಸಿಗ್ನೇಚರ್’, ಅಂದರೆ ರುಜು, ಎನ್ನುತ್ತಾರೆ. ಅದು ಆ ಗಡ್ಡೆಯ ಆ ಹೊತ್ತಿನ ನಡವಳಿಕೆ. ತಂದೆಯಿಂದ ಮಗಳಿಗೆ ಇಳಿದು ಹೋಗುವ ವಸ್ತುವಲ್ಲ. ವಂಶದಲ್ಲಿ ಇಳಿದು ಬರುವ ದೋಷದ ಪರೀಕ್ಷೆಯೇ ಬೇರೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ ವಂಶವಾಹಿಗಳ ಆನುವಂಶಿಕ ದೋಷವನ್ನು ರಕ್ತ ಅಥವಾ ಜೊಲ್ಲಿನಿಂದ ಪ್ರತ್ಯೇಕವಾಗಿ ನೋಡುತ್ತಾರೆ. ಅಗತ್ಯವಿದ್ದರೆ ವೈದ್ಯರೇ ಅದನ್ನು ಸೂಚಿಸುತ್ತಾರೆ. ಗಡ್ಡೆಯ ಅಂಕವನ್ನು ಮುಂದಿಟ್ಟು ನೆಂಟಸ್ತಿಕೆ ಮುರಿಯುವುದು ಬರಿಯ ಅಜ್ಞಾನವೆನ್ನಲಾರೆವು, ಆ ಹೆಣ್ಣುಮಗಳಿಗೆ ಮಾಡುವ ಅನ್ಯಾಯ.

ಗಡ್ಡೆಯ ಚೂರಿನಲ್ಲಿ ಕ್ಯಾನ್ಸರ್ ಕೋಶಗಳು ಮಾತ್ರ ಇರುವುದಿಲ್ಲ, ಅವನ್ನು ಎದುರಿಸಲು ಬಂದ ದೇಹದ ರಕ್ಷಕ ಕೋಶಗಳೂ ಇರುತ್ತವೆ. 2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಾಲೋನ್ ಮತ್ತು ಸಂಗಡಿಗರು ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಈ ರಕ್ಷಕರ ಜಾತಿ, ದಟ್ಟಣೆ, ನಿಂತ ಸ್ಥಳಗಳನ್ನು ಪರಿಶೀಲಿಸಿದರು. ಟಿ ಕೋಶಗಳು ಗಡ್ಡೆಯ ಒಡಲಲ್ಲಿಯೂ ಅಂಚಿನಲ್ಲಿಯೂ ದಟ್ಟವಾಗಿದ್ದವರಲ್ಲಿ ರೋಗ ಮರುಕಳಿಸುವುದು ಕಡಿಮೆಯೆಂದು ಕಂಡುಬಂದಿತು. 2018ರಲ್ಲಿ 13 ದೇಶಗಳ ತಜ್ಞರು 2,681 ರೋಗಿಗಳ ಅಂಗಾಂಶವನ್ನು ನೋಡಿ ಇದನ್ನು ದೃಢಪಡಿಸಿದರು.

ಇಷ್ಟನ್ನೇ ಓದಿದವರು ಪ್ರತಿರೋಧ ಹೆಚ್ಚಿದ್ದಷ್ಟೂ ಒಳಿತೆಂದು ಭಾವಿಸುವುದು ಸಹಜ. ಪೇಟೆಯ ಪುಡಿ, ಕಷಾಯಗಳ ಜಾಹೀರಾತುಗಳೂ ಅದನ್ನೇ ಸಾರುತ್ತವೆ. ಆದರೆ ನಮ್ಮ ಬೆಂಗಳೂರಿನಲ್ಲಿಯೇ ನಡೆದ ಒಂದು ಅಧ್ಯಯನ ಬೇರೆಯೇ ಮಾತನ್ನು ಹೇಳಿತು. ನಿಮ್ಹಾನ್ಸ್‌ನ ನರಶಸ್ತ್ರವೈದ್ಯ ಅರಿವಳಗನ್, ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಮೊದಲಾದವರು ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರವಾದ ಮೆದುಳಿನ ಗಡ್ಡೆಯನ್ನು ಅಭ್ಯಸಿಸಿ, ರೋಗಿಗಳ ಮುಂದಿನ ಗತಿಯನ್ನು ಸೂಚಿಸುವ 14 ವಂಶವಾಹಿಗಳ ಸಿಗ್ನೇಚರನ್ನು 2013ರಲ್ಲಿ ಪ್ರಕಟಿಸಿದರು. ಹೆಚ್ಚು ಅಪಾಯದ ಗುಂಪಿನಲ್ಲಿ ಎದ್ದು ಕಂಡದ್ದು ಪ್ರತಿರೋಧಕ್ಕೆ ಸಂಬಂಧಿಸಿದ ವಂಶವಾಹಿಗಳ ಚಟುವಟಿಕೆಯೇ! ಮೆದುಳಿನ ಈ ಗಡ್ಡೆಯಲ್ಲಿ ಟಿ ಕೋಶಗಳು ವಿರಳ. ಮ್ಯಾಕ್ರೋಫೇಜ್ ಜಾತಿಯ ಕೋಶಗಳೇ ಹೆಚ್ಚು. ಗಡ್ಡೆಯು ಅವುಗಳನ್ನು ಒಲಿಸಿಕೊಂಡು ತನ್ನ ಬೆಳವಣಿಗೆಗೇ ದುಡಿಸಿಕೊಳ್ಳುತ್ತದೆ. ತೋಟದ ಕಾವಲಿಗಿಟ್ಟ ಆಳು ಮೆಣಸು ಕದಿಯುವವನಿಗೆ ಏಣಿ ಹಿಡಿದು ನಿಂತ ಹಾಗೆ. ಆದುದರಿಂದ ವರದಿಯಲ್ಲಿ ‘ಪ್ರತಿರೋಧ ಅಧಿಕ’ ಎಂಬುದನ್ನು ಕಂಡು ಹಿಗ್ಗುವಂತೆಯೂ ಇಲ್ಲ, ಕುಗ್ಗುವಂತೆಯೂ ಇಲ್ಲ. ಯಾವ ಅಂಗದ ಗಡ್ಡೆ, ಯಾವ ಜಾತಿಯ ಕೋಶ ಎಂಬುದನ್ನು ಬಲ್ಲವರು ಓದಿ ಹೇಳಬೇಕು.

ಇನ್ನು ಆಯುಸ್ಸಿನ ಮಾತು. ಇದೇ ಮೆದುಳಿನ ಗಡ್ಡೆಗೆ ವಿಕಿರಣದೊಡನೆ ಟೆಮೊಜೊಲೊಮೈಡ್ ಔಷಧಿ ಪಡೆದವರ ಮಧ್ಯಕ ಬದುಕು 14.6 ತಿಂಗಳೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಮಧ್ಯಕವೆಂದರೆ ಗಡುವಲ್ಲ, ಅರ್ಧದಷ್ಟು ಮಂದಿ ಅದನ್ನು ದಾಟಿದರೆಂದು ಅರ್ಥ. ನೂರಕ್ಕೆ ಸುಮಾರು 26 ಮಂದಿ ಎರಡು ವರ್ಷಗಳ ನಂತರವೂ ಬದುಕಿದ್ದರು. ಹೂಮಳೆ ಬಿದ್ದು ಕಾಯಿ ಕಟ್ಟಿದ ಮೇಲೆ ಬೆಳೆಗಾರರು ಫಸಲಿನ ಅಂದಾಜು ಮಾಡುವುದುಂಟು. ಇಡೀ ತೋಟದ ಮಟ್ಟಿಗೆ ಅದು ಸರಿಹೋಗಬಹುದು. ಇಳಿಜಾರಿನ ಕೊನೆಯ ಒಂದು ಗಿಡದಲ್ಲಿ ಎಷ್ಟು ಸೇರು ಹಣ್ಣು ಸಿಕ್ಕೀತೆಂದು ಯಾವ ಅನುಭವಿಯೂ ಹೇಳಲಾರ. ಸಿಗ್ನೇಚರಿನ ಅಂಕವೂ ಗುಂಪಿನ ಅಂದಾಜು. ಅದನ್ನು ರೋಗಿಗೆ ತಿಳಿಯದಂತೆ ಬೀರುವಿನಲ್ಲಿ ಮುಚ್ಚಿಟ್ಟು, ಮನೆಯವರೆಲ್ಲ ಒಳಗೊಳಗೇ ದಿನ ಎಣಿಸುವುದನ್ನು ನಾವು ಕಂಡಿದ್ದೇವೆ. ರೋಗಿಗೂ ಅದು ತಿಳಿಯದೆ ಇರುವುದಿಲ್ಲ. ಊಟಕ್ಕೆ ಬಡಿಸುವ ಕೈಯಲ್ಲಿಯೇ ತಿಳಿದುಬಿಡುತ್ತದೆ.

ಪರೀಕ್ಷೆಗೆ ಒಪ್ಪುವ ಮೊದಲು ವೈದ್ಯರನ್ನು ವಿನಯದಿಂದ ಒಂದು ಮಾತು ಕೇಳಬೇಕು: ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೆ? ಕೆಲವು ಬಗೆಯ ಸ್ತನ ಕ್ಯಾನ್ಸರಿನಲ್ಲಿ 21 ವಂಶವಾಹಿಗಳ ಪರೀಕ್ಷೆಯಿಂದ ಅನೇಕರಿಗೆ ಕೀಮೋಥೆರಪಿಯ ಕಷ್ಟ ತಪ್ಪಿದೆ. ಅಲ್ಲಿ ಖರ್ಚು ಸಾರ್ಥಕ. ಪ್ರತಿರೋಧದ ಸಿಗ್ನೇಚರುಗಳಾದರೋ ಬಹುಪಾಲು ಇನ್ನೂ ಸಂಶೋಧನೆಯಲ್ಲಿಯೇ ಇವೆ. ಚಿಕಿತ್ಸೆ ಬದಲಾಗದಿದ್ದಲ್ಲಿ, ಸಾಲ ಮಾಡಿ ಅಂಕ ತಿಳಿಯುವುದಕ್ಕಿಂತ ಆ ಹಣವನ್ನು ಘಟ್ಟದಿಂದ ಬೆಂಗಳೂರಿಗೆ ಓಡಾಡುವ ಖರ್ಚಿಗೂ ರೋಗಿಯ ಹಾಲು ಹಣ್ಣಿಗೂ ಇಟ್ಟುಕೊಳ್ಳುವುದು ಲೇಸು. ಆಸ್ಪತ್ರೆ ಬದಲಿಸುವವರು ಕಾಗದಗಳ ಜೊತೆಗೆ, ಗಡ್ಡೆಯ ಚೂರನ್ನು ಹುದುಗಿಸಿಟ್ಟಿರುವ ಮೇಣದ ಅಚ್ಚನ್ನೂ ಗಾಜಿನ ಸ್ಲೈಡುಗಳನ್ನೂ ಮೊದಲಿನ ಆಸ್ಪತ್ರೆಯಿಂದ ಕೇಳಿ ಪಡೆಯಬೇಕು. ಮುಂದೆ ಯಾವ ಪರೀಕ್ಷೆ ಬೇಕಾದರೂ ಅನೇಕ ವೇಳೆ ಅದೇ ಸಾಕಾಗುತ್ತದೆ.